ಸತ್ತ ಫ್ರಿಜ್ಜಿನ ಎರಡನೇ ನೌಕರಿ

ಪುನರ್ವಸು ಹಿಡಿದ ಹನ್ನೊಂದನೇ ದಿನ
ಮಾಸ್ತಿಕಟ್ಟೆ ಕಾಲೋನಿಯ ಕೊನೇ ಲೈನಿನಲ್ಲಿ
ಕಡ್ಡಿ ಗೀರಿದರೆ ಮದ್ದು ಮಾತ್ರ ಕಳಚಿ ಬಿತ್ತು.
ಉಪ್ಪಿನ ಭರಣಿ ತನ್ನಷ್ಟಕ್ಕೆ ಬೆವರುತ್ತಿತ್ತು.
ಹೊಲಿದಿಟ್ಟ ಶಾಲೆಯ ನೀಲಿ ಲಂಗಗಳ ಮೇಲೆ
ಹಸಿರು ಚುಕ್ಕಿಯ ಬೂಷ್ಟು:
ಯಾರೂ ಹೇಳಿರದ ಡಿಸೈನು.

ವರ್ಗವಾಗಿ ಹೋದವರು ಬಿಟ್ಟುಹೋದ ಫ್ರಿಜ್ಜು
ಜಗಲಿಯಲ್ಲಿ ಬಾಯಿ ತೆರೆದು ನಿಂತು ಎರಡು ವರ್ಷ.
ಅದರ ತರಕಾರಿ ಡಬ್ಬದಲ್ಲಿ ಕಪ್ಪೆಯೊಂದು ಬಿಡಾರ ಹೂಡಿತ್ತು.
ಹಯಾತ್ ಸಾಬರನ್ನು ಕೇಳಿದೆ, ಇದನ್ನು ಬಿಸಿ ಮಾಡಬಹುದಾ?
ನಕ್ಕರು. 'ಜನ ತಣ್ಣಗೆ ಮಾಡಿಕೊಡಿ ಅಂತ ತರ್ತಾರಕ್ಕ.'
ಆಮೇಲೆ ನಗು ನಿಲ್ಲಿಸಿ
ಬಾಗಿಲಂಚಿನ ರಬ್ಬರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ,
'ಚಳಿಯನ್ನ ಹಿಡಿದಿಟ್ಟಿದ್ದು ಕಾವನ್ನ ಬಿಟ್ಟೀತಾ' ಅಂದರು.

ಮೊದಲು ನೂರು ಕ್ಯಾಂಡಲ್ಲಿನ ಬಲ್ಬು.
ಕಾಲುಚೀಲ ಒಣಗಿತು, ನಿಜ,
ತಳದ ಪ್ಲಾಸ್ಟಿಕ್ಕೂ ಕರಗಿ ದೋಸೆಯ ಹಾಗೆ ಮಡಚಿತು.
ಅದೂ ಅಲ್ಲದೆ, ಗುಡ್ಡದ ಹೊಟ್ಟೆಯೊಳಗೆ
ಪರವೂರಿಗೆಲ್ಲ ಕರೆಂಟು ಹೆರುವ ಈ ಜಾಗದಲ್ಲಿ
ಒಂದು ಮರ ಬಿದ್ದರೆ ನಮಗೇ ಮೂರು ದಿನ ಕತ್ತಲೆ.

ಎರಡನೇ ಸಲ ಬಚ್ಚಲೊಲೆಯ ಹೊಗೆಕೊಳವೆಯನ್ನೇ
ಗೋಡೆ ತೂತು ಮಾಡಿ ಫ್ರಿಜ್ಜಿನ ಬೆನ್ನಿಂದ ಒಳಗೆ ತಂದು
ನೆತ್ತಿಯಿಂದ ಹೊರಗೆ ಬಿಟ್ಟೆವು.
ಹೊಗೆ ಕೊಳವೆಯಲ್ಲಿ, ಕಾವು ನಮಗೆ.
ಹಾಗಂದುಕೊಂಡದ್ದು.
ನೇತ್ರಾಳ ಅಮ್ಮ ಲಂಗವನ್ನು ಮೂಗಿಗೆ ಹಿಡಿದು
'ಇದರಲ್ಲಿ ಒಣಮೀನು ಕಟ್ಟಿಟ್ಟಿದ್ರಾ?' ಅಂದಳು.
ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಕಲಸಿ
ಸಂದು ಸಂದಿಗೆ ಮೆತ್ತಿದೆ. ಬಿರಿಯಿತು. ಮತ್ತೆ ಮೆತ್ತಿದೆ.
ಗಾಳಿಯಲ್ಲಿ ಸತ್ತ ಛತ್ರಿಗಳ ಕಡ್ಡಿ ಹೆಣೆದು ಅಟ್ಟಣಿಗೆ.
ನೀರಾವಿ ಹೋಗಲಿ ಎಂದು ಮೇಲೆ ಏಳು ತೂತು,
ಮಳೆ ಇಣುಕದಂತೆ ತೂತಿಗೊಂದು ಪೌಡರ್ ಡಬ್ಬಿಯ ಮುಚ್ಚಳ.

ಮೊದಲು ಒಣಗಿದ್ದು ಒಂದು ಬೆಂಕಿಪೊಟ್ಟಣ.
ಒಂದೇ ಗೀರಿಗೆ ಹತ್ತಿತು.
ಯಾಕೋ ಆರಿಸಲು ಮನಸ್ಸಾಗದೆ ಬೆರಳು ಸುಟ್ಟುಕೊಂಡೆ.

ಸುದ್ದಿಗೆ ಮಾತ್ರ ತೇವ ತಾಗುವುದಿಲ್ಲ.
ಫಿಲೋಮಿನಾ ಸಿಸ್ಟರು ಹತ್ತಿಯ ಸುರುಳಿ ತಂದರು,
ಯಾರೋ ಬೀಜದ ಸೌತೆ, ಯಾರದೋ ಮದುವೆಯ ಆಲ್ಬಮ್ಮು.
ಅದರಲ್ಲಿ ಗಂಡಿನ ಮುಖ ಹೆಣ್ಣಿನ ಸೆರಗಿಗೆ ಅಂಟಿ
ಬಿಡಿಸಿದರೆ ಇಬ್ಬರೂ ಹರಿಯುತ್ತಿದ್ದರು.
ಹಾಗೇ ಮುಚ್ಚಿ ಕೊಟ್ಟೆ.

ಕುಪ್ಪಯ್ಯ ಬಂದದ್ದು ಆಶ್ಲೇಷಾದಲ್ಲಿ.
ಟರ್ಬೈನಿನ ಪಕ್ಕ ಇಪ್ಪತ್ತೆಂಟು ವರ್ಷ ನಿಂತು
ಕಂಪನಿಗೆ ಕಿವಿ ಕೊಟ್ಟು ಬಂದವರು, ಎರಡನ್ನೂ.
ಅವರ ಕಿವಿಯ ಮಿಷನ್ನು ಆರಿದ್ರಾಕ್ಕೆ ಸತ್ತರೆ
ಏಳುವುದು ದೀಪಾವಳಿಗೇ.
ಹುರಿದ ಅಕ್ಕಿಯ ಡಬ್ಬದಲ್ಲಿ ಅದನ್ನು ಹುಗಿದು
ಕೊಳವೆಯಿಂದ ದೂರ, ಮೇಲಿನ ಅಟ್ಟಣಿಗೆಯಲ್ಲಿ
ಒಂದು ರಾತ್ರಿ ಇಟ್ಟೆ.

ಬೆಳಿಗ್ಗೆ ಸಿಕ್ಕಿಸಿಕೊಂಡರು. ಸುಮ್ಮನೆ ಕೂತರು.
ಕಣ್ಣು ನಿಧಾನಕ್ಕೆ ಸೂರಿನ ಶೀಟಿಗೆ ಏರಿತು.
'ಇಷ್ಟು ಗದ್ದಲವಾ?'
ಎರಡೂ ಕೈ ಕಿವಿಗೆ.
'ನೀವೆಲ್ಲ ನಾಲ್ಕು ತಿಂಗಳೂ
ಇದರೊಳಗೇ ಮಾತಾಡ್ತೀರಾ?'

ನಾನು ಏನೋ ಹೇಳಿದೆ. ಕೇಳಿಸಲಿಲ್ಲ ಅವರಿಗೆ,
ನಿಜ ಹೇಳಬೇಕೆಂದರೆ ನನಗೂ.
ಮಿಷನ್ನು ಕಳಚಿ ಅಂಗೈಯಲ್ಲಿಟ್ಟು
'ಒಳಗೇ ಇರಲಿ, ಆಗಾಗ ಬರ್ತೀನಿ' ಅಂದರು.
ಬರುತ್ತಾರೆ. ಸಂಜೆ, ಮಳೆ ಒಂಚೂರು ಹೊಳವಾದಾಗ
ಹಾಕಿಕೊಂಡು ನನ್ನ ಹೊಲಿಗೆಯಂತ್ರದ ಸದ್ದು ಕೇಳಿ
ಎಣ್ಣೆ ಬಿಡು ಅಂತ ಬೈದು ಹೋಗುತ್ತಾರೆ.

ಫ್ರಿಜ್ಜಿನ ಬಾಗಿಲಲ್ಲಿ ಸೀಮೆಸುಣ್ಣದಿಂದ ಬರೆದಿದ್ದೇನೆ:
ಕೆಳಗೆ ಬಟ್ಟೆ. ನಡುವೆ ತಿನ್ನುವ ಪದಾರ್ಥ.
ಮೇಲೆ ಕುಪ್ಪಯ್ಯನವರ ಕಿವಿ, ಮುಟ್ಟಬೇಡಿ.
ಥಂಡಿಗೆ ಅಕ್ಷರ ಎರಡು ದಿನಕ್ಕೆ ಕರಗುತ್ತದೆ,
ಮತ್ತೆ ಬರೆಯುತ್ತೇನೆ.

ಕಪ್ಪೆ ಈಗ ಸೋರುವಲ್ಲಿಟ್ಟ ಬಕೆಟ್ಟಿನಲ್ಲಿದೆ.
ಅದಕ್ಕೆ ನಮ್ಮ ಯೋಜನೆ ಅಷ್ಟು ಹಿಡಿಸಿದಂತಿಲ್ಲ.