ಒಮ್ಮೆ ಕೇಳಿದರೆ ಸಾಕು

ಗೋಣಿಕೊಪ್ಪದ ಕ್ಯೂರಿಂಗ್ ವರ್ಕ್ಸು, ಜನವರಿ.
ತೂಕದ ಕೋಣೆಯ ಮೂಲೆಯಲ್ಲಿ ನನ್ನ ಮೇಜು,
ಕೀಲಿಮಣೆಯ ಸಂದಿಗೆಲ್ಲ ಕಾಫಿ ಹೊಟ್ಟು.

ನನಗಿಂತ ಮೊದಲು ಇಲ್ಲಿದ್ದ ಪೂಣಚ್ಚ
ಬರೆದಿಟ್ಟು ಹೋದ ಪ್ರೋಗ್ರಾಮು ಬಲು ಮರ್ಯಾದಸ್ಥ.
ಒಂದೊಂದು ಮೂಟೆಯನ್ನೂ ತಡೆದು ನಿಲ್ಲಿಸಿ
'ನೀನು ಅರೇಬಿಕಾ ಹೌದೇ?' ಎನ್ನುತ್ತದೆ.
'ಹೌದು.'
'ಹಾಗಿದ್ದರೆ ನಿನ್ನನ್ನು ಅರೇಬಿಕಾ ಎಂದೇ ಭಾವಿಸಿ
ಅರೇಬಿಕಾ ಎಂಬ ಪೆಟ್ಟಿಗೆಯಲ್ಲಿ
ಅರೇಬಿಕಾ ಆಗಿ ಕೂರಿಸುತ್ತೇನೆ.'
ಅಷ್ಟರಲ್ಲಿ ಮೂಟೆಗೇ ಬೆವರು;
ತೇವಾಂಶ ಅರ್ಧ ಪಾಯಿಂಟು ಏರಿರಬೇಕು.

ಕೆಲವು ಕಡೆ ಕೇಳುವುದನ್ನೇ ಮರೆತಿದ್ದಾನೆ,
ಸೀದಾ ಹಣೆಪಟ್ಟಿ ಹಚ್ಚಿದ್ದಾನೆ.
ಹೋದ ಶನಿವಾರ ಪೊನ್ನಂಪೇಟೆಯ ಲಾರಿಯಿಂದ
ಕರಿಮೆಣಸಿನ ಮೂಟೆಯೊಂದು ಇಳಿದು
ಅರೇಬಿಕಾ ಎನಿಸಿಕೊಂಡಿತು.
ಹೊಟ್ಟು ಬಿಡಿಸು ಎಂದಾಗ
ಬಿಡಿಸಲು ಹೊಟ್ಟೇ ಇಲ್ಲದೆ
ಇಡೀ ದಿನದ ಲೆಕ್ಕವನ್ನು ಕೆಡವಿಕೊಂಡು ಬಿತ್ತು.
ರಾತ್ರಿ ಒಂಬತ್ತರವರೆಗೆ ಡ್ರೈವರುಗಳು ಚೀಟಿಗೆ ಕಾದರು.
ಮೆಣಸಿನದೇನು ತಪ್ಪು?

ಕಣದ ಅಂಚಿನಲ್ಲಿ ಬೀಪಾತುಮ್ಮ ಕಾಳು ಆರಿಸುತ್ತಾರೆ.
ಎತ್ತಿದ ಬೆರಳಲ್ಲೇ ಗುರುತು, ಗುರುತಿನಲ್ಲೇ ಹೆಸರು.
ನೋಡುವುದೊಂದು, ನಂಬುವುದೊಂದು ಎಂಬ
ಎರಡು ಕೆಲಸ ಅವರಿಗಿಲ್ಲ.
ಪೀಬೆರಿ ಅನ್ನುವಷ್ಟರಲ್ಲಿ
ಅದು ಪೀಬೆರಿಗಳ ಮೊರದಲ್ಲಿ.
ಹೇಗೆ ಅಂತ ಕೇಳಿದೆ.
'ಕೈಗೆ ಬಂದ ಮೇಲೆ
ಮತ್ತೆ ಯಾರನ್ನು ಕೇಳುವುದು, ಮೋಳೇ?'

ಒಳಗೆ ಬಂದು ಮೂರು ಸಾಲನ್ನು ಒಂದು ಮಾಡಿದೆ:
ಕೇಳಿದ ಉಸಿರಲ್ಲೇ ಹೆಸರಿಡು.
ಅರೇಬಿಕಾ ಆಗಿದ್ದರೆ ಇಗೋ, ಇದು 'ಅ'.
ಆ ಹೆಸರು ಈ ಹೊಸಿಲಿನ ಒಳಗೆ ಮಾತ್ರ;
ದಾಟಿದರೆ ಅದು ಮತ್ತೆ ಬರೀ ಮೂಟೆ.
ಸಾಲು ಅಳಿಸುತ್ತಾ ಹೋದೆ. ಇನ್ನೂರ ಹನ್ನೊಂದು.
ಅಳಿಸುವುದರಲ್ಲಿ ಇಷ್ಟು ಸುಖವಿದೆಯೆಂದು
ಯಾರೂ ಹೇಳಿರಲಿಲ್ಲ.

ಕೊನೆಗೆ ಉಳಿದದ್ದು 'ಇದಾವುದೂ ಅಲ್ಲ' ಎಂಬ ಕವಲು.
ಅದರ ಕೆಳಗೆ ಪೂಣಚ್ಚ ಬರೆದಿದ್ದ:
ಇಂಥದ್ದು ಬರುವುದಿಲ್ಲ.
ಅದನ್ನು ತೆಗೆದು ಹಾಕಿದೆ:
ಬಂದರೆ ನೆರಳಲ್ಲಿಡು,
ಬೀಪಾತುಮ್ಮನನ್ನು ಕರೆ.

ಸಂಜೆ ಗೇಟಿನಲ್ಲಿ ಹೊಸ ಕಾವಲುಗಾರ ತಡೆದ.
'ನಿಮ್ಮದು ಯಾವ ಒಕ್ಕ?'
ಒಕ್ಕ ಇಲ್ಲ, ನಾನು ಕೊಡವಳಲ್ಲ ಎಂದೆ.
'ಹಾಗಾದರೆ ಯಾವ ಜಾತಿ?'
ತಲೆಗೂದಲ ಹೊಟ್ಟು ಕೊಡವಿಕೊಂಡೆ.
'ಒಳಗೆ ಲೆಕ್ಕ ಬರೆಯುವವಳು. ಹೆಸರು ಸುಗುಣಾ.'

ಅವನು ಇನ್ನೊಮ್ಮೆ ಕೇಳಿದ.