ಎರಡನೇ ಸಿಲಿಂಡರು

ಕಟ್ಟಿಸಂಗಾವಿ ಬ್ರಿಜ್ಜಿನ ಮ್ಯಾಲ ಗಾಡಿ ನಿಂತದ ಅಂದ್ರು.
ಕೆಳಗ ಭೀಮಾ, ಮಣಕಾಲ ಮಟ ನೀರು.
ಮ್ಯಾಲ ಏಳು ಸೀಟಿನ ಬಿಳಿ ಗಾಡಿ
ಬಾಯಿ ತಕ್ಕೊಂಡು ಉಗಿ ಬಿಡಲಾಕತ್ತಿತ್ತು.
ಕಾಟಾ ಕೆಂಪಿಗಿ ಹೋಗಿ ಎಷ್ಟೊತ್ತಾಯ್ತು ಅಂತ ಕೇಳಿದ್ರ
ಡ್ರೈವರ ಹಣಮೇಶಿ
ಜೇವರ್ಗಿ ಕಡಿ ಮಾರಿ ಮಾಡಿ ನಿಂತ.

ಗ್ಯಾರೇಜಿಗಿ ಎಳಕೊಂಡು ಬಂದು ಬಿಚ್ಚಿದ್ವಿ.
ಹೆಡ್ಡು ಸೊಟ್ಟ. ಪಿಸ್ಟನ್ನು ಗೋಡಿ ಕಚ್ಚಿ ಕುಂತಿತ್ತು.
"ರಿಪೇರಿ ಆಗ್ತದೇನು?" ಅಂದ್ರು ದಾಲ್ ಮಿಲ್ಲಿನ ಸಾಹುಕಾರ್ರು.
ಚಾಂದಪಾಶಾ ಉಸ್ತಾದ ಬಾಯಿ ಬಿಡಲಿಲ್ಲ,
ಚಹಾದಾಗ ಬಿಸ್ಕೀಟು ಅದ್ದಿದ.
ಬಿಸ್ಕೀಟು ಮುರದು ಬಿತ್ತು.
ತಿಳೀತು ಅವರಿಗಿ.

ಸೋಲಾಪುರದಿಂದ ಬಂತು ಸೆಕೆಂಡ್ ಇಂಜಿನ್ನು,
ತೊಗರಿ ಖಾಲಿ ಚೀಲದಾಗ ಸುತ್ತಿಕೊಂಡು.
ಬ್ಲಾಕಿನ ಸಂದ್ಯಾಗ ಪೇಚಕಸ್ ಹಾಕಿ ಕೆರೆದ್ರ
ಕೆಂಪು ಮಣ್ಣು.
ನಮ್ಮ ಕಡಿದಲ್ಲ ಅದು. ನಮ್ಮದು ಎರಿ.
ಎಲ್ಲಿ ಓಡಿತ್ತೋ, ಯಾವ ಘಾಟು ಹತ್ತಿತ್ತೋ.
ಸಾಹುಕಾರ್ರು "ಹೊಸಾ ಹೃದಯ" ಅಂತ ಫೋಟೋ ಹೊಡಕೊಂಡ್ರು.
ನಾ ಸರಪಳಿ ಹಿಡದಿದ್ದೆ.
ಎರಡು ಕ್ವಿಂಟಲ್ ಕಬ್ಬಿಣ ಮಾರಿ ಮುಂದ ತೂಗುವಾಗ
ಹೃದಯ ಅನ್ಲಿಕ್ಕ ಆಗಂಗಿಲ್ಲರಿ.

ಇಳಿಸಿದ್ವಿ. ಬೆರಳಷ್ಟು ಬಾಕಿ ಉಳೀತು, ಗೇರ್‌ಬಾಕ್ಸಿಗಿ ಕೂಡಲಿಲ್ಲ.
ಹಾರಿ ಹಾಕಿ ಮೀಟಿದ್ವಿ, ಕೂಡ್ತು.
ಅಷ್ಟರಾಗ ನನ್ನ ಫೋನು. ತಂಗಿ.
ಸಿಲಿಂಡರ್ ಖಾಲಿ ಆಗ್ಯದ, ಬುಕ್ ಮಾಡು, ಚಪಾತಿ ಅರ್ಧಕ್ಕ ನಿಂತಾವ.
ಹೂಂ ಹೂಂ ಅನಕೋತ
ಒಂದೇ ಕೈಲೆ ಬ್ರಾಕೆಟಿನ ಬೋಲ್ಟು ಬಿಗದೆ.

ಕೀಲಿ ತಿರುವಿದ್ರ ಎದ್ದಿತು.
ಎದ್ದಿದ್ದು ಖರೆ, ಕುಂಟಿತು.
ಧಡ್, ಧಡ್, ಒಂದು ತೂತು, ಧಡ್.
ಡ್ಯಾಶಿನ ಮ್ಯಾಲಿನ ಹಿತ್ತಾಳಿ ನಂದಿ ತಲಿ ಹಾಕಲಾಕತ್ತಿತು.

ಸ್ಕ್ಯಾನರ್ ಹಚ್ಚಿದೆ. ಎರಡು, ಅಂತು.
ಉಸ್ತಾದಗ ಸ್ಕ್ಯಾನರಿನ ಮ್ಯಾಲ ಭರೋಸಾ ಇಲ್ಲ,
ಈಗೀಗ ತನ್ನ ಕಿವಿ ಮ್ಯಾಲೂ ಇಲ್ಲ.
ಪೇಚಕಸಿನ ಒಂದು ತುದಿ ಇಂಜಿನ್ನಿಗಿ ಕೊಟ್ಟು
ಇನ್ನೊಂದು ತುದಿ ಹಲ್ಲಿನಾಗ ಕಚ್ಚಿ
ಎಲುವಿನಿಂದ ಕೇಳ್ದ.
"ಒಂದೊಂದೇ ವೈರ್ ಕೀಳು" ಅಂದ.
"ಯಾವುದು ಕಿತ್ರ ತಡಬಡಿಸ್ತದ, ಅದು ದುಡಿಲಾಕತ್ತದ.
ಯಾವುದು ಕಿತ್ರೂ ಫರಕ್ ಬೀಳಂಗಿಲ್ಲ..."
ಪೂರಾ ಹೇಳಲಿಲ್ಲ.

ಒಂದು ಕಿತ್ತೆ, ತಡಬಡಿಸಿತು.
ಮೂರು ಕಿತ್ತೆ, ಸಾಯಲಾಕ ಬಂತು.
ನಾಲ್ಕು, ಹಂಗೇ.
ಎರಡು ಕಿತ್ತೆ.

ನಂದಿ ಅದೇ ತಾಳದಾಗ ತಲಿ ಹಾಕಕೋತ ಇತ್ತು.

ಹ್ವಾದ ವರ್ಷ ಡೆಂಗೀ ಬಂದು ಹನ್ನೊಂದು ದಿನ ಮಲಗಿದ್ದೆ.
ಎದ್ದು ಬಂದು ನೋಡಿದ್ರ
ಪಾನಾಗೋಳು ತಮ್ಮ ತಮ್ಮ ಮೊಳಿಗಿ ತೂಗಲಾಕತ್ತಿದ್ವು,
ಏಳು ಗಾಡಿ ಡೆಲಿವರಿ ಆಗಿದ್ವು.
ವೈರು ಕೈಯಾಗ ಹಿಡಕೊಂಡು
ಥೋಡೆ ಹೊತ್ತು ಹಂಗೇ ನಿಂತೆ.

ಇಂಜೆಕ್ಟರ್ ಅದಲಿ ಬದಲಿ ಮಾಡಿದ್ವಿ,
ಎರಡರದು ಮೂರಕ್ಕ, ಮೂರರದು ಎರಡಕ್ಕ.
ರೋಗ ಜಾಗಾ ಬಿಡಲಿಲ್ಲ.
ಕಂಪ್ರೆಶನ್ ನೋಡಿದ್ವಿ, ನಾಲ್ಕೂ ಸರೀಕ.
ಸೋಲಾಪುರದ ಶಿಂಗಾಡೆಗ ಮೂರು ಸಲ ಫೋನ್ ಹಚ್ಚಿ
ಹೇಳಬಾರದ್ದು ಹೇಳಿದೆ, ಅವನ ಅವ್ವನ ಮಟ ಹೋದೆ.
"ಇಂಜಿನ್ ಚಾಂಗ್ಲಂ ಆಹೆ, ದಾದಾ" ಅಂದ ಆತ,
ಮೂರು ಸಲನೂ.

ಮೂರನೇ ದಿನ ಹೊತ್ತು ಮುಣುಗೋ ಮುಂದ
ವೈರಿಂಗ್ ಗುಂಟ ಹೊಂಟಿದ್ದ ಉಸ್ತಾದನ ಬೆರಳು
ಬ್ರಾಕೆಟಿನ ಹಂತೇಲಿ ನಿಂತಿತು.
ಮ್ಯಾಲ ಸಿಪ್ಪಿ ಸಾಬೂತ್. ಒಳಗ ತಾಮ್ರ ಹರದಿತ್ತು,
ನನ್ನ ಬೋಲ್ಟಿನ ಕೆಳಗ.
ಎರಡನೇದು ಕೆಟ್ಟಿದ್ದಿಲ್ಲ.
ಅದರ ಪಾಳಿ ಬಂದಾಗ
ಅದಕ್ಕ ಯಾರೂ ಹೇಳಿದ್ದಿಲ್ಲ, ಅಷ್ಟೇ.

ಉಸ್ತಾದ ಏನೂ ಅನ್ನಲಿಲ್ಲ.
ಆರು ಇಂಚು ಹೊಸಾ ವೈರು ಕತ್ತರಿಸಿ ಕೈಯಾಗ ಇಟ್ಟ.

ನಿನ್ನಿ ಗಾಡಿ ರಿಂಗ್ ರೋಡ್ ಹಿಡದು ಹೋತು,
ನಂದಿ ತಲಿ ಅಲುಗದಂಗ.
ಉಗುರಿನ ಸಂದ್ಯಾಗ ಕೆಂಪು ಮಣ್ಣು ಇನ್ನಾ ಅದ,
ಸೀಮೆಎಣ್ಣಿಲೆ ತೊಳದ್ರೂ.
ಶಿಂಗಾಡೆಗ ಇನ್ನೊಂದು ಫೋನ್ ಹಚ್ಚೋದದ.
ಮುಂಜಾನಿ ಹಚ್ತೀನಿ ಅನಕೊಂಡಿದ್ದೆ.
ಈಗ ಸಂಜಿ ಆರು.