ಕಡೀ ಹಾಳಿ

ಹಳಿ ಮೂರು ದಿಕ್ಕಿಗಿ ಒಡಿಯೂ ವಾಡಿ ಜಂಕ್ಷನ್ನಿನಾಗ
ಮೇಲ್ಸೇತುವೆ ಇಳಿದರ ಎಡಕ್ಕ
ಲಾಡ್ಲೆಸಾಬನ ತಗಡಿನ ಅಂಗಡಿ.
ಒಂದು ಕಡಿ ಸೈಕಲ್ ಪಂಕ್ಚರ್, ಒಂದು ಕಡಿ ಕಾಮಿಕ್ಸ್ ಬಾಡಿಗಿ.
ಮನಿಗಿ ಒಯ್ದರ ಚಾರಾಣೆ,
ಅಲ್ಲೇ ಕುಂತು ಓದಿದರ ಹತ್ತು ಪೈಸಾ.
ಅವನ ಹೆಬ್ಬಟ್ಟಿನ ಗ್ರೀಸು ಪ್ರತಿ ಹಾಳಿಯ ಬಲ ಮೂಲ್ಯಾಗ
ಪುಟದ ನಂಬರಿನಂಗ ಇರ್ತಿತ್ತು.

ಸುರಂಗಸಿಂಹ, ಸಂಚಿಕೆ ನಲವತ್ತೊಂದು.
ಸಿಂಹ ಪಾತಾಳದ ಗಡಿಯಾರದ ಹೊಟ್ಟ್ಯಾಗ ಸಿಕ್ಕಬಿದ್ದಾನ,
ಮುಳ್ಳು ಹನ್ನೆರಡಕ್ಕ ಒಂದು ಕೂದಲೆಳಿ ದೂರ.
ಹಾಳಿ ತಿರುವಿದರ
ಹಾಳೀನೇ ಇಲ್ಲ.
ಎರಡು ಪಿನ್ನು, ತುಕ್ಕು, ನೂಲಿನಷ್ಟು ಕಾಗದ.

"ಏ ಚಾಚಾ, ಮುಂದೇನಾಯ್ತು?"
ಟ್ಯೂಬು ನೀರಾಗ ಅದ್ದಿ ಗುಳ್ಳಿ ಹುಡುಕಕೋತ ಹೇಳ್ತಿದ್ದ:
"ಮುಳ್ಳು ಹಿಡಿದು ಜೋತುಬಿದ್ದ ನೋಡವ್ವ,
ಟೈಮೇ ನಿಂತುಬಿಡ್ತು.
ಆ ದಿನ ವಾಡಿಗಿ ಒಂದು ಗಾಡೀನೂ ಬರಲಿಲ್ಲ."
ನನಗ ಹಿಂಗ.
ಸಿಮೆಂಟ್ ಕಾಲನಿಯ ಮಾರ್ತಂಡಗ ಹೇಳಿದ್ದು ಬ್ಯಾರೆ,
ಅವನ ಸಿಂಹ ಸತ್ತಿದ್ದ.
ಫರಸಿ ಮ್ಯಾಲ ಬಿದ್ದು ಬಡಿದಾಡಿದೆವು ಇಬ್ಬರೂ,
ಮೊಣಕಾಲು ಕೆತ್ತಿಹೋಗೂ ತನಕ.

ಆಮ್ಯಾಲ ಇಪ್ಪತ್ತಾರು ವರ್ಷ ಹುಡುಕೀನಿ.
ಕಲಬುರಗಿ ಸೂಪರ್ ಮಾರ್ಕೆಟ್ಟಿನ ರದ್ದಿ, ಶಹಾಬಾದದ ತಕ್ಕಡಿ,
ಸೊಲ್ಲಾಪುರಕ್ಕ ಮದುವಿಗಿ ಹೋದಾಗ ಅಕ್ಷತಿ ಬಿಟ್ಟು ಫುಟ್‌ಪಾತು.
ನಲವತ್ತು ಸಿಕ್ಕಿತು. ನಲವತ್ತೆರಡು ಎರಡು ಸಲ ಸಿಕ್ಕಿತು.
ಅದರಾಗ ಸಿಂಹ ಜೀವಂತ ಇದ್ದ, ಹೆಂಗಂತ ಬರೆದಿರಲಿಲ್ಲ.
"ಇವ ಬ್ಯಾರೆ ಸಿಂಹ," ಅಂದ ಮಾರ್ತಂಡ.
ಕಪಾಟಿನಾಗ ಒಂದು ಬಟ್ಟಿನಷ್ಟು ಸಂದು ಬಿಟ್ಟೇ ಇಟ್ಟೆ,
ಊಟಕ್ಕ ಬರಬೇಕಾದವರ ತಾಟಿನಂಗ.

ಹೋದ ತಿಂಗಳು ತನುಷಾ, ತಂಗಿಯ ಮಗಳು,
ಕಾಲು ಗ್ವಾಡಿಗಿಟ್ಟು ಮಲಕೊಂಡವಳು ಏಳಲೂ ಇಲ್ಲ,
ಮೊಬೈಲ್ ನನ್ನ ಮೂಗಿನ ಮುಂದ ಹಿಡಿದಳು:
"ಇದೇನು ದೊಡ್ಡವ್ವ?
ಒಂದರಿಂದ ನೂರಾ ಹನ್ನೆರಡು. ಎಲ್ಲಾ ಅದಾವ."

ಕಡೀ ಹಾಳಿ. ಎರಡು ಬಟ್ಟಿಂದ ಎಳೆದು ದೊಡ್ಡದು ಮಾಡಿದೆ.
ಸಿಂಹ ಕಿಸೆದಾಗಿನ ಕೀಲಿಕೈ ತಗದ,
ಬಾಗಲಾ ತಗದ, ಹೊರಗ ಬಂದ.
ಕೀಲಿ ಕಿಸೆದಾಗೇ ಇತ್ತಂತ.
ಅಷ್ಟೇ.
ಕೆಳಗ ಹಲ್ಲುಪುಡಿ ಜಾಹೀರಾತು ಇರ್ತಿದ್ದ ಜಾಗ
ಬೆಳ್ಳಗ ತೊಳೆದುಬಿಟ್ಟಾರ.

ಮಾರ್ತಂಡಗ ಕಳಿಸಿದೆ. ರಾತ್ರಿ ಒಂದೇ ಮಾತು ಬಂತು:
"ಸುಳ್ಳದು."

ಹುಡುಕೋದು ಬಿಟ್ಟೀನಿ ಅನಕೋಬ್ಯಾಡ್ರಿ.
ಕಥಿ ಮೊಬೈಲಿಗಿ ಬಿಟ್ಟುಕೊಟ್ಟೀನಿ, ಅಷ್ಟೇ. ಅದರ ಭಾರ ನನಗಿಲ್ಲ.
ಹೈದರಾಬಾದಿನಿಂದ ಕೋರಾ ಪ್ರತಿ ಒಂದು ಬಂದಿತ್ತು,
ಪ್ಲಾಸ್ಟಿಕ್ ಹೊದ್ದು, ಮೂರು ಸಾವಿರಕ್ಕ.
ಯಾರ ಕೈಯೂ ಹತ್ತಿಲ್ಲ, ಯಾರೂ ಉಗುಳು ಹಚ್ಚಿ ತಿರುವಿಲ್ಲ;
ಮೊಬೈಲಿಗಿಂತ ಸಪ್ಪಗಿತ್ತು. ವಾಪಸ್ ಕಳಿಸಿದೆ.
ನನಗೀಗ ಹರಿದದ್ದೇ ಬೇಕು.
ಬಲ ಮೂಲಿ ಕರ್ರಗಿರೋದು.

ಲಾಡ್ಲೆಸಾಬ ಹೋಗಿ ಒಂಬತ್ತು ವರ್ಷ.
ಅಂಗಡಿ ಇದ್ದಲ್ಲಿ ಅವನ ಮಗ ರೀಚಾರ್ಜ್ ಮಾಡ್ತಾನ.
ಕೇಳಿದೆ, ಸಂಕೋಚದಿಂದ. ಅವ ಒಂದು ಗಳಿಗಿ ನನ್ನ ಮಾರಿ ನೋಡಿದ.
"ಅಬ್ಬಾಗ ಕನ್ನಡ ಓದಾಕ ಎಲ್ಲಿ ಬರ್ತಿತ್ತಕ್ಕಾ?
ಸಲ್ಯೂಷನ್ ಅಂಟಿದ ಕೈ ಒರಸಾಕ
ಕಡೀ ಹಾಳಿ ಹರಕೋತಿದ್ದ."

ಮೇಲ್ಸೇತುವೆ ಹತ್ತಿದೆ. ಮುಂಬೈ ಗಾಡಿ ಲೇಟಿತ್ತು,
ಸಿಗ್ನಲ್ ಕೆಂಪಿತ್ತು,
ಬಾಳಾ ಹೊತ್ತು ಏನೂ ಬರಲಿಲ್ಲ.

ನಲವತ್ತೊಂದರ ಸಂದು ಇನ್ನೂ ಹಂಗೇ ಅದ.
ನಿನ್ನಿ ತನುಷಾ ಅದರಾಗ ಮೊಬೈಲ್ ನಿಲ್ಲಿಸಿ ಚಾರ್ಜಿಗಿ ಹಚ್ಚಿ ಹೋದಳು.
ಸರಿಯಾಗಿ ಕುಂತದ.
ತಗೀಲೋ ಬ್ಯಾಡೋ ಅಂತ ನೋಡಕೋತ ನಿಂತೀನಿ.